ಮನೆಯ ಆಸ್ತಿ ಸಮಾಜದ ಆಸ್ತಿಯೇ? ಸುಪ್ರೀಂ ಕೋರ್ಟ್ ತೀರ್ಪು ಮತ್ತು ಒಂದು ಹಳೆಯ ವಾದ

2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ನೀಡಿತು. ಖಾಸಗಿ ವ್ಯಕ್ತಿಯ ಪ್ರತಿಯೊಂದು ಆಸ್ತಿಯನ್ನೂ ‘ಸಮುದಾಯದ ಭೌತಿಕ ಸಂಪನ್ಮೂಲ’ ಎಂದು ಕರೆಯಲು ಬರುವುದಿಲ್ಲ ಎಂಬುದು ಅದರ ಸಾರ. ಪತ್ರಿಕೆಗಳಲ್ಲಿ ಎರಡು ದಿನ ಸುದ್ದಿಯಾಗಿ ಮರೆಯಾದ ಈ ತೀರ್ಪು ಅಂಗಡಿ, ಹೊಲ, ತೋಟ, ಬಾಡಿಗೆ ಮನೆ ಅಥವಾ ಧರ್ಮಾದಾಯ ಟ್ರಸ್ಟ್ ನಡೆಸುವ ಪ್ರತಿಯೊಂದು ಕುಟುಂಬಕ್ಕೂ ಸಂಬಂಧಿಸಿದ್ದು. ಸಂಪತ್ತು ಮೂಲತಃ ಯಾರದು, ಅದರ ವಿನಿಯೋಗವನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಇದರ ಹಿಂದಿದೆ.

ಪ್ರಕರಣ ಹುಟ್ಟಿದ್ದು ಮುಂಬೈಯಲ್ಲಿ. ಹಳೆಯ, ಶಿಥಿಲ ಬಾಡಿಗೆ ಕಟ್ಟಡಗಳನ್ನು ಅಲ್ಲಿ ವಾಸಿಸುವವರ ಪೈಕಿ ಶೇ. 70ರಷ್ಟು ಜನ ಒಪ್ಪಿದರೆ ಸರ್ಕಾರ ವಶಪಡಿಸಿಕೊಳ್ಳಬಹುದು ಎಂದು ಮಹಾರಾಷ್ಟ್ರ 1986ರಲ್ಲಿ ಕಾನೂನು ತಿದ್ದಿತು. ಮಾಲೀಕರಿಗೆ ಪರಿಹಾರ ತಿಂಗಳ ಬಾಡಿಗೆಯ ನೂರು ಪಟ್ಟು. ಬಾಡಿಗೆ ನಿಯಂತ್ರಣದಲ್ಲಿ ದಶಕಗಳಿಂದ ಒಂದೇ ಮಟ್ಟದಲ್ಲಿ ನಿಂತಿದ್ದ ಬಾಡಿಗೆಗೆ ನೂರು ಪಟ್ಟು ಎಂದರೆ ಎಷ್ಟಾದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಾಲೀಕರ ಸಂಘ 1992ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಉತ್ತರ ಸಿಕ್ಕಿದ್ದು ಮೂವತ್ತೆರಡು ವರ್ಷಗಳ ನಂತರ.

ಆದರೆ ವಾದದ ಬೇರು ನಮ್ಮ ರಾಜ್ಯದಲ್ಲೇ ಇದೆ. 1976ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಒಪ್ಪಂದ ವಾಹನಗಳನ್ನು ಕಾನೂನಿನ ಮೂಲಕ ಸ್ವಾಧೀನಪಡಿಸಿಕೊಂಡು ರಾಜ್ಯ ರಸ್ತೆ ಸಾರಿಗೆ ನಿಗಮಕ್ಕೆ ವಹಿಸಿತು. ಬಸ್ ಮಾಲೀಕರು ಅದನ್ನು ಪ್ರಶ್ನಿಸಿದರು. 1977ರ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳೂ ಕಾನೂನನ್ನು ಎತ್ತಿಹಿಡಿದರು. ಅವರಲ್ಲಿ ಮೂವರ ಪರವಾಗಿ ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಸಂವಿಧಾನದ 39(ಬಿ) ವಿಧಿಯಲ್ಲಿರುವ ‘ಸಮುದಾಯದ ಭೌತಿಕ ಸಂಪನ್ಮೂಲ’ ಎಂಬ ಮಾತು ಖಾಸಗಿ ಆಸ್ತಿಯನ್ನೂ ಒಳಗೊಳ್ಳುತ್ತದೆ ಎಂದರು. ಉಳಿದ ನಾಲ್ವರು ಈ ಅಭಿಪ್ರಾಯಕ್ಕೆ ತಮ್ಮ ಸಮ್ಮತಿಯಿದೆ ಎಂದು ಭಾವಿಸಬಾರದು ಎಂದು ಸ್ಪಷ್ಟವಾಗಿ ದಾಖಲಿಸಿದರು. ಹಾಗಿದ್ದೂ 1982ರಲ್ಲಿ ಸಂಜೀವ್ ಕೋಕ್ ಪ್ರಕರಣದ ಪೀಠ ಆ ಮೂವರ ಮಾತನ್ನೇ ಆಧಾರ ಮಾಡಿಕೊಂಡಿತು. ಅಲ್ಪಮತದ ಅಭಿಪ್ರಾಯ ಹೀಗೆ ನಾಲ್ಕು ದಶಕ ಕಾನೂನಾಗಿ ನಡೆಯಿತು.

ಪ್ರಗತಿಪರರ ವಾದದಲ್ಲಿ ತಿರುಳಿಲ್ಲ ಎನ್ನಲಾಗದು. ಸ್ವಾತಂತ್ರ್ಯ ಬಂದಾಗ ಭೂಮಿ, ಬಂಡವಾಳ, ವಿದ್ಯೆ ಕೆಲವೇ ಕೈಗಳಲ್ಲಿತ್ತು. ಉಳುವವನಿಗೆ ಹೊಲವಿರಲಿಲ್ಲ. ಹಳ್ಳಿಯವನಿಗೆ ಬ್ಯಾಂಕಿನ ಬಾಗಿಲು ತೆರೆಯುತ್ತಿರಲಿಲ್ಲ. ಸಂಪತ್ತು ತಾನಾಗಿ ಹಂಚಿಕೆಯಾಗದು, ಸರ್ಕಾರವೇ ಕೈಹಾಕಬೇಕು ಎಂದು ಅವರು ಹೇಳಿದರು. 2024ರ ಪೀಠದಲ್ಲಿ ಭಿನ್ನಮತ ಬರೆದ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರ ನಿಲುವೂ ಇದಕ್ಕೆ ಹತ್ತಿರದ್ದು. ಅಸಮಾನತೆ ಇನ್ನೂ ಹೋಗಿಲ್ಲ, ಆದ್ದರಿಂದ ವಿಶಾಲ ಅರ್ಥವನ್ನೇ ಉಳಿಸಿಕೊಂಡು ಯಾವುದನ್ನು ಸೇರಿಸಬೇಕೆಂಬುದನ್ನು ಶಾಸನಸಭೆಗೆ ಬಿಡಬೇಕು ಎಂದು ಅವರು ಹೇಳಿದ್ದಾರೆ.

ಇದಕ್ಕೆ ಎದುರಾದ ವಾದವೂ ಅಷ್ಟೇ ಹಳೆಯದು. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಸಹಕಾರಿ ಸಾಮೂಹಿಕ ಬೇಸಾಯದ ನಿರ್ಣಯ ಮಾಡಿದಾಗ, ಅದೇ ವರ್ಷ ಸಿ. ರಾಜಗೋಪಾಲಾಚಾರಿ, ಎನ್.ಜಿ. ರಂಗಾ, ಮಿನೂ ಮಸಾನಿ ಮೊದಲಾದವರು ಸ್ವತಂತ್ರ ಪಕ್ಷ ಕಟ್ಟಿದರು. 1967ರ ಲೋಕಸಭೆಯಲ್ಲಿ ಅದಕ್ಕೆ 44 ಸ್ಥಾನ ಸಿಕ್ಕಿ ದೊಡ್ಡ ವಿರೋಧ ಪಕ್ಷವಾಯಿತು. ಸಂಪತ್ತಿನ ಕೇಂದ್ರೀಕರಣ ತಪ್ಪಿಸುತ್ತೇವೆಂದು ಹೇಳಿ ಅಧಿಕಾರವನ್ನು ಕೇಂದ್ರೀಕರಿಸಿದರೆ ಬಡವನಿಗೆ ಸಿಗುವುದು ಹೊಸ ಧಣಿ ಮಾತ್ರ ಎಂಬುದು ಈ ಚಿಂತನೆಯ ಮೊದಲ ಮಾತು. ಹಳೆಯ ಧಣಿಯ ಅಂಗಡಿ ಬಿಟ್ಟು ಪಕ್ಕದ ಅಂಗಡಿಗೆ ಹೋಗಬಹುದು, ಪರ್ಮಿಟ್ ಕೊಡುವ ಕಚೇರಿಗೆ ಪಕ್ಕದ ಕಚೇರಿ ಇರುವುದಿಲ್ಲ. ಎರಡನೆಯದು ಉಳಿತಾಯದ ಮಾತು. ತಂದೆ ಹೊಟ್ಟೆಬಟ್ಟೆ ಕಟ್ಟಿ ಉಳಿಸುವುದು ಮಕ್ಕಳಿಗಾಗಿ. ಆ ಭರವಸೆ ಹೋದರೆ ಉಳಿಸುವ ಅಭ್ಯಾಸವೇ ಹೋಗುತ್ತದೆ.

ಅನುಭವ ಏನು ಹೇಳುತ್ತದೆ? 1973-74ರಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಸರ್‌ಚಾರ್ಜ್ ಸೇರಿ ಶೇ. 97.75 ಇತ್ತು. ಹೆಚ್ಚು ಗಳಿಸಿದವನು ಮೇಲಿನ ನೂರು ರೂಪಾಯಿಯಲ್ಲಿ ಎರಡೂಕಾಲು ರೂಪಾಯಿ ಮನೆಗೆ ಒಯ್ಯಬಹುದಿತ್ತು. ಪ್ರಾಮಾಣಿಕತೆಗೆ ಇಷ್ಟು ದಂಡ ಹಾಕಿದ ದೇಶದಲ್ಲಿ ಕಪ್ಪುಹಣ ಬೆಳೆದದ್ದು ಆಶ್ಚರ್ಯವಲ್ಲ. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲಿ, 1957ರ ಸಂಪತ್ತು ತೆರಿಗೆಯನ್ನು 2015ರಲ್ಲಿ ಸರ್ಕಾರಗಳೇ ಕೈಬಿಟ್ಟವು. 1969ರಲ್ಲಿ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳ ಪೈಕಿ ಕೆನರಾ ಮತ್ತು ಸಿಂಡಿಕೇಟ್, 1980ರ ಆರರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು ನಮ್ಮ ಕರಾವಳಿಯಲ್ಲಿ ಜನರೇ ಕಟ್ಟಿದ ಸಂಸ್ಥೆಗಳು. ರಾಷ್ಟ್ರೀಕರಣದ ನಂತರ ಹಳ್ಳಿಗಳಲ್ಲಿ ಶಾಖೆಗಳು ಹೆಚ್ಚಿದ್ದು ನಿಜ. ಸರ್ಕಾರದ ನೆರವಿಲ್ಲದೆ ಜನರೇ ಬ್ಯಾಂಕ್ ಕಟ್ಟಬಲ್ಲರು ಎಂಬುದಕ್ಕೆ ಸಾಕ್ಷಿಯಾಗಿದ್ದ ಸಂಸ್ಥೆಗಳು ಸರ್ಕಾರದವಾದದ್ದೂ ನಿಜ.

ಭೂಸುಧಾರಣೆಯ ಲೆಕ್ಕ ಇನ್ನೂ ಸೂಕ್ಷ್ಮ. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಿಂದ ಗೇಣಿ ಪದ್ಧತಿ ಕೊನೆಗೊಂಡಿತು. ಕರಾವಳಿಯ ಅನೇಕ ಜೈನ ಮನೆತನಗಳು ಜಮೀನು ಕಳೆದುಕೊಂಡವು. ಗೇಣಿಯನ್ನೇ ನಂಬಿದ್ದ ಬಸದಿಗಳ ನಿತ್ಯಪೂಜೆ ತಸ್ತೀಕಿನ ಅಲ್ಪ ಮೊತ್ತಕ್ಕೆ ಬಂದು ನಿಂತಿತು. ಇನ್ನೊಂದು ಕಡೆ, ತಲೆಮಾರುಗಳಿಂದ ಉತ್ತು ಬೆವರು ಸುರಿಸಿದ ಗೇಣಿದಾರ ಕುಟುಂಬಗಳು ಜಮೀನಿನ ಒಡೆಯರಾದವು. ಅವರ ಮಕ್ಕಳು ಓದಿ ಮುಂದೆ ಬಂದರು. ಇದನ್ನು ಅಲ್ಲಗಳೆದು ಮಾತಾಡುವ ಸಂಪ್ರದಾಯವಾದಿಯ ವಾದಕ್ಕೆ ಬೆಲೆ ಬಾರದು. ಆದರೆ ಒಂದನ್ನು ಗಮನಿಸಬೇಕು. ಈ ಸುಧಾರಣೆ ಫಲ ಕೊಟ್ಟದ್ದು ಉಳುವವನ ಹೆಸರಿಗೆ ಪಹಣಿ ಬಂದದ್ದರಿಂದ. ನಾಗಪುರದ ಸಾಮೂಹಿಕ ಬೇಸಾಯ ಕಾಗದದಲ್ಲೇ ಉಳಿಯಿತು. ಬಡವನೂ ಬಯಸಿದ್ದು ತನ್ನದೆನ್ನುವ ಒಂದು ತುಂಡು ನೆಲವನ್ನೇ.

ಇತ್ತೀಚಿನ ಉದಾಹರಣೆ ದೇವನಹಳ್ಳಿ. ಏರೋಸ್ಪೇಸ್ ಪಾರ್ಕಿಗಾಗಿ 1,777 ಎಕರೆ ಕೊಡುವುದಿಲ್ಲವೆಂದು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ರೈತರ ಜೊತೆ ನಿಂತವರಲ್ಲಿ ಪ್ರಗತಿಪರ ಸಂಘಟನೆಗಳೇ ಮುಂದಿದ್ದವು. ಅವರು ಎತ್ತಿದ ಮಾತು ಮಾತ್ರ ರಾಜಾಜಿಯವರ ಮಾತೇ: ‘ಸಾರ್ವಜನಿಕ ಉದ್ದೇಶ’ ಎಂಬ ಎರಡು ಪದ ಹೇಳಿ ಒಬ್ಬನ ಬದುಕನ್ನು ಕಿತ್ತುಕೊಳ್ಳಬಾರದು. ಹಾಗೆಯೇ, ಸಮೂಹವಾದವನ್ನು ಟೀಕಿಸುವವರು ಕಂಪನಿಗಳಿಗಾಗಿ ರೈತರ ಹೊಲ ಹೋಗುವಾಗ ಸುಮ್ಮನಿದ್ದರೆ ಅವರ ತತ್ವ ಬರೀ ಸ್ವಹಿತದ ಮಾತಾಗುತ್ತದೆ.

ತೀರ್ಪು ಎಲ್ಲವನ್ನೂ ಮಾಲೀಕರ ಕೈಗೆ ಕೊಟ್ಟಿಲ್ಲ. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಇತರ ಆರು ಮಂದಿಯ ಬಹುಮತದಂತೆ, ಸಂಪನ್ಮೂಲದ ಸ್ವರೂಪ, ಸಮಾಜದ ಮೇಲೆ ಅದರ ಪರಿಣಾಮ, ಅದರ ಕೊರತೆ, ಕೆಲವರ ಕೈಯಲ್ಲೇ ಅದು ಕೂಡಿದರೆ ಆಗುವ ಫಲ ಇವನ್ನು ನೋಡಿ ಕೆಲವು ಖಾಸಗಿ ಆಸ್ತಿಗಳನ್ನು 39(ಬಿ) ಅಡಿ ತರಬಹುದು. ಅಂಥ ಕಾನೂನುಗಳಿಗೆ ರಕ್ಷಣೆ ಕೊಡುವ 31ಸಿ ವಿಧಿಯೂ, ಕೇಶವಾನಂದ ಭಾರತಿ ಪ್ರಕರಣ ಎತ್ತಿಹಿಡಿದಷ್ಟರ ಮಟ್ಟಿಗೆ, ಉಳಿದಿದೆ. ಭಾಗಶಃ ಬೇರೆ ಅಭಿಪ್ರಾಯ ಬರೆದ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಉಡುಗೆ, ಒಡವೆ, ಮನೆಬಳಕೆಯ ವಸ್ತುಗಳಂಥ ವೈಯಕ್ತಿಕ ಸ್ವತ್ತನ್ನು ಹೊರಗಿಟ್ಟರು. ಹಿಂದಿನ ನ್ಯಾಯಮೂರ್ತಿಗಳನ್ನು ಅವರ ಕಾಲದ ಹಿನ್ನೆಲೆಯಲ್ಲಿ ನೋಡಬೇಕೆಂದೂ ಹೇಳಿದರು. ಅದು ಒಪ್ಪತಕ್ಕ ಮಾತು.

ಸಂವಿಧಾನ ಒಂದೇ ಆರ್ಥಿಕ ಸಿದ್ಧಾಂತಕ್ಕೆ ಕಟ್ಟುಬಿದ್ದಿಲ್ಲ ಎಂಬ ಬಹುಮತದ ನಿಲುವಿಗೆ ಹಳೆಯ ಆಧಾರವಿದೆ. 1948ರ ನವೆಂಬರಿನಲ್ಲಿ ‘ಸಮಾಜವಾದಿ’ ಪದ ಸೇರಿಸುವ ಕೆ.ಟಿ. ಷಾ ಅವರ ತಿದ್ದುಪಡಿಯನ್ನು ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಸಮಾಜವನ್ನು ಹೇಗೆ ಕಟ್ಟಿಕೊಳ್ಳಬೇಕೆಂಬುದನ್ನು ಆಯಾ ಕಾಲದ ಜನ ತೀರ್ಮಾನಿಸಲಿ ಎಂಬುದು ಅವರ ಕಾರಣ. ಆ ಪದ ಪ್ರಸ್ತಾವನೆಗೆ ಸೇರಿದ್ದು ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ.

ಕುಟುಂಬಗಳು ತಿಳಿದಿರಬೇಕಾದದ್ದು ಇನ್ನೊಂದಿದೆ. ಆಸ್ತಿ ಈಗ ಮೂಲಭೂತ ಹಕ್ಕಲ್ಲ. 1978ರ 44ನೇ ತಿದ್ದುಪಡಿಯ ನಂತರ 300ಎ ವಿಧಿಯ ಅಡಿ ಸಾಂವಿಧಾನಿಕ ಹಕ್ಕು. 2024ರ ಮೇ ತಿಂಗಳಲ್ಲಿ ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಧಿಯನ್ನು ವಿವರಿಸಿದೆ. ಸ್ವಾಧೀನಕ್ಕೆ ಮುನ್ನ ನೋಟಿಸ್ ಕೊಡಬೇಕು, ಆಕ್ಷೇಪ ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು, ಸಾರ್ವಜನಿಕ ಉದ್ದೇಶ ತೋರಿಸಬೇಕು, ನ್ಯಾಯವಾದ ಪರಿಹಾರ ಕೊಡಬೇಕು, ಕೆಲಸವನ್ನು ಎಳೆಯದೆ ಮುಗಿಸಬೇಕು. ಬಸದಿ, ಟ್ರಸ್ಟ್, ಒಟ್ಟು ಕುಟುಂಬಗಳ ದಾಖಲೆಗಳು ಸರಿಯಾಗಿದ್ದರೆ ಮಾತ್ರ ಈ ಹಕ್ಕುಗಳು ಕೈಗೆ ಬರುತ್ತವೆ.

ಕೊನೆಗೆ, ಸಮೂಹವಾದದ ಟೀಕೆ ದುರಾಸೆಯ ಸಮರ್ಥನೆ ಆಗಬಾರದು. ಶ್ರಾವಕನಿಗೆ ಪರಿಗ್ರಹ ಪರಿಮಾಣ ಅಣುವ್ರತವಿದೆ: ಗಳಿಕೆಗೆ ತಾನೇ ಮಿತಿ ಹಾಕಿಕೊಳ್ಳಬೇಕು, ಮಿಕ್ಕದ್ದು ಆಹಾರ, ಅಭಯ, ಔಷಧ, ಶಾಸ್ತ್ರ ದಾನಗಳಿಗೆ ಹೋಗಬೇಕು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ್ದು ಯಾವ ಅರಸನ ಆಜ್ಞೆಯಿಂದಲೂ ಅಲ್ಲ. ತಾನಾಗಿ ಕೊಟ್ಟದ್ದು ದಾನ, ಕಿತ್ತುಕೊಂಡದ್ದು ಕಂದಾಯ. ರಾಜ್ಯಕ್ಕೆ ಕಂದಾಯ ಬೇಕು, ಅದನ್ನು ತಪ್ಪಿಸದೆ ಕೊಡಬೇಕು. ಆದರೆ ಉಳ್ಳವರು ತಾವಾಗಿ ಕೊಡುವುದನ್ನು ಮರೆತ ಕಾಲದಲ್ಲೇ ಕಿತ್ತುಕೊಳ್ಳುವ ರಾಜಕೀಯಕ್ಕೆ ಜನ ಕಿವಿಗೊಡುತ್ತಾರೆ. ಕೋರ್ಟು ಮಾಲೀಕತ್ವವನ್ನು ಕಾಯಬಹುದು. ಮಾಲೀಕನ ಮೇಲೆ ನೆರೆಹೊರೆಯವರು ಇಡುವ ವಿಶ್ವಾಸವನ್ನು ಅವನೇ ಸಂಪಾದಿಸಬೇಕು.