ಅಣು ಕಂಪನಿ ಊರಿಗೆ ಬಂದರೆ ಏನು ಕೇಳಬೇಕು?

ಬೀಜ ಮೊಳೆಯದೆ ಹೋದಾಗ ಏನಾಗುತ್ತದೆ ಎಂಬುದು ನಿಮಗೆ ಹೇಳಿಕೊಡಬೇಕಾಗಿಲ್ಲ. ಅಂಗಡಿಯವ ಕಂಪನಿಯ ಕಡೆ ಕೈ ತೋರಿಸುತ್ತಾನೆ, ಕಂಪನಿಯವ ಮಳೆಯ ಕಡೆ ಕೈ ತೋರಿಸುತ್ತಾನೆ. ಮಳೆಯ ಮೇಲೆ ದಾವೆ ಹಾಕಾಕ ಬರೂದಿಲ್ಲ. ಸೊಸೈಟಿಯ ಸಾಲ ಮಾತ್ರ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಇದೇ ಆಟ ಈಗ ಅಣುವಿದ್ಯುತ್ತಿನ ವ್ಯವಹಾರದಲ್ಲಿ ನಡೆದಿದೆ, ಅದೂ ಕಾನೂನಿನ ಮೊಹರು ಒತ್ತಿಸಿಕೊಂಡು.

"ಹುನಗುಂದದ ಬಿಳಿಜೋಳಕ್ಕೂ ಅಣುವಿದ್ಯುತ್ತಿಗೂ ಏನ್ ಸಂಬಂಧ್ರಿ?" ಎಂದು ಯಾರಾದರೂ ಕೇಳಬಹುದು. ಸಂಬಂಧ ಇದೆ. ನಮ್ಮ ಕಲಾದಗಿಯ ಹೆಸರಿನಲ್ಲೇ ಭೂವಿಜ್ಞಾನಿಗಳು ಒಂದು ಶಿಲಾ ಪ್ರದೇಶವನ್ನು ಗುರುತಿಸಿದ್ದಾರೆ. ಬಾದಾಮಿಯ ಗುಹೆಗಳನ್ನು ಕೊರೆದ ಕೆಂಪು ಮರಳುಗಲ್ಲು ಅದರದೇ ಒಂದು ಪದರ. ಅದೇ ಪದರದಲ್ಲಿ, ಬೆಳಗಾವಿ ಜಿಲ್ಲೆಯ ದೇಶನೂರಿನ ಹತ್ತಿರ, ಕೇಂದ್ರದ ಅಣು ಖನಿಜ ಶೋಧನಾ ಇಲಾಖೆಯವರಿಗೆ ಯುರೇನಿಯಂ ಸಿಕ್ಕಿದೆ. ಪೂರ್ವಕ್ಕೆ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿಯೂ ಸಿಕ್ಕಿದೆ. ಇಳಕಲ್ಲಿನ ಗಡಿ ದಾಟಿದರೆ ಕೊಪ್ಪಳ ಜಿಲ್ಲೆ. ಅಲ್ಲಿ ಅಣುಸ್ಥಾವರಕ್ಕೆ ಜಾಗ ನೋಡುತ್ತಾರೆಂಬ ಸುದ್ದಿ 2024ರ ಕೊನೆಗೆ ಹಬ್ಬಿ ಜನ ಎದ್ದು ನಿಂತರು. ನಾಳೆಯೇ ಬಾದಾಮಿಯಲ್ಲಿ ಗಣಿ ಅಗೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೆದರಿಸುವುದು ಪುಢಾರಿಗಳ ಕೆಲಸ. ಆದರೆ ಕಂಪನಿ ಬಂದ ಮೇಲೆ ಪ್ರಶ್ನೆ ಹುಡುಕಲು ಕೂತರೆ ಹೊತ್ತು ಮೀರಿರುತ್ತದೆ.

ಕಂಪನಿಗಳು ಊರಿನವರ ಜೊತೆ ಮಾತಾಡುವುದಿಲ್ಲವೇ ಅಂದರೆ, ಮಾತಾಡುತ್ತಾರೆ. ಶಾಲೆಗೆ ಕೋಣೆ ಕಟ್ಟಿಸುತ್ತಾರೆ, ಮಕ್ಕಳಿಗೆ ಚೀಲ ಹಂಚುತ್ತಾರೆ, ಆಸ್ಪತ್ರೆಯ ಗಾಡಿ ಕಳಿಸುತ್ತಾರೆ, ಗುಡಿಯ ಮುಂದೆ ಹೈಮಾಸ್ಟ್ ದೀಪ ಹಚ್ಚುತ್ತಾರೆ. ಅದು ಬೇಡವೆಂದು ನಾನು ಹೇಳಲಾರೆ, ಶಾಲೆ ಸೋರುವುದು ನನಗೂ ಗೊತ್ತು. ಆದರೆ ಅದು ದಾನ. ಮಾತುಕತೆ ಅಂದರೆ ಬೇರೆ: ನಿಮ್ಮ ಮಾತಿನಿಂದ ಅವರ ನಕ್ಷೆಯ ಒಂದು ಗೆರೆಯಾದರೂ ಸರಿಯಬೇಕು. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಬೆಟರ್‌ಮೆಂಟ್ ಲೆವಿ ಹೇರಿದಾಗ ರೈತನನ್ನು ಯಾರೂ ಕೇಳಿರಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿದ ಮೇಲೆ ಕೇಳಲು ಬಂದರು. ಕೃಷ್ಣೆಯ ಆಚೆ ದಂಡೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಏಳುವಾಗಲೂ 2014ರ ಜುಲೈನಲ್ಲಿ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ಅದೇ ಎನ್‌ಟಿಪಿಸಿ ಈಗ ಅಣುವಿದ್ಯುತ್ತಿಗೆ ಕೈ ಹಾಕಿದೆ. ಅಣುವಿದ್ಯುತ್ ನಿಗಮದ ಜೊತೆಗೂಡಿ ರಾಜಸ್ಥಾನದ ಬಾಂಸವಾಡಾದಲ್ಲಿ ಕಟ್ಟುವ ಸ್ಥಾವರಕ್ಕೆ 2025ರ ಸೆಪ್ಟೆಂಬರಿನಲ್ಲಿ ಅಡಿಗಲ್ಲು ಬಿದ್ದಿದೆ. ಹೊಸ ಧಂದೆಯ ಜೊತೆ ಹಳೆಯ ರೂಢಿಯೂ ಬದಲಾಗಿದೆಯೇ ಎಂದು ಕೂಡಗಿಯ ನೆಂಟರನ್ನು ಕೇಳಿ ನೋಡಿ.

ರೈತನ ಕೈಯಲ್ಲಿ ಇದ್ದ ಒಂದು ಹಿಡಿ ಅಂದರೆ ಸಾರ್ವಜನಿಕ ಅಹವಾಲು ಸಭೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ 30 ದಿನ ಮೊದಲೇ ನೋಟಿಸು ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಎದ್ದು ನಿಂತು ಆಡಿದ ಮಾತು ದಾಖಲಾಗಬೇಕು. ಕೈಗಾದ 5 ಮತ್ತು 6ನೇ ಘಟಕಕ್ಕಾಗಿ 2018ರ ಡಿಸೆಂಬರ್ 15ರಂದು ಮಲ್ಲಾಪುರದಲ್ಲಿ ಅಂಥ ಸಭೆ ನಡೆಯಿತು. ವಿರೋಧ ಜೋರಾಗಿಯೇ ಕೇಳಿಬಂತು. ಮರುವರ್ಷ ಅನುಮತಿಯೂ ಬಂತು! ಸಭೆಗೆ ಅಷ್ಟೇ ಬಲ. ಆದರೂ ಕಾಗದದ ಮೇಲೆ ನಿಮ್ಮ ಮಾತು ಉಳಿಯುತ್ತಿತ್ತು, ಕೋರ್ಟಿಗೆ ಹೋದರೆ ಅದೊಂದು ಆಧಾರ. ಸ್ಥಾವರಕ್ಕೆ ಈ ಸಭೆ ಇನ್ನೂ ಇದೆ. ಗಣಿಗೆ ಇಲ್ಲ. 2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಮಂತ್ರಾಲಯ ಅಣು ಖನಿಜದ ಗಣಿಗಳನ್ನು ಸಾರ್ವಜನಿಕ ಅಹವಾಲಿನಿಂದ ಬಿಟ್ಟುಬಿಟ್ಟಿತು. ರಾಷ್ಟ್ರರಕ್ಷಣೆಗೆ ಬೇಕಾದ ಖನಿಜ, ಆದ್ದರಿಂದ ಕೇಳುವುದು ಬೇಡ ಎಂಬುದು ಅದರ ತಿರುಳು. ದೇಶಕ್ಕೆ ಬೇಕಾದದ್ದು ಅಂದಕೂಡಲೇ ಹೊಲದವನನ್ನು ಯಾಕೆ ಕೇಳಬಾರದೋ ನನಗಂತೂ ತಿಳಿಯಲಿಲ್ಲ. ಜೋಳವೂ ದೇಶಕ್ಕೆ ಬೇಕಾದದ್ದೇ ಅಲ್ಲವೇ?

ಇನ್ನು ಸರಕು ಪೂರೈಸುವವರ ಮಾತು. ಸ್ಥಾವರವನ್ನು ಒಬ್ಬನೇ ಕಟ್ಟುವುದಿಲ್ಲ. ಉಕ್ಕು ಒಬ್ಬನದು, ಪಂಪು ಒಬ್ಬನದು, ಕಾಂಕ್ರೀಟು ಇನ್ನೊಬ್ಬನದು. 1994ರ ಮೇ 13ರಂದು ಕೈಗಾದ ಮೊದಲ ಘಟಕ ಇನ್ನೂ ಕಟ್ಟಡದ ಹಂತದಲ್ಲಿದ್ದಾಗ ಒಳಗುಮ್ಮಟದ ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟು ಕಳಚಿ ಬಿತ್ತು, ಕೆಲಸಗಾರರು ಗಾಯಗೊಂಡರು. ಆಗ ಒಳಗೆ ಇಂಧನ ಇರಲಿಲ್ಲ, ಅದು ನಮ್ಮ ಪುಣ್ಯ. ಗುಮ್ಮಟದ ವಿನ್ಯಾಸ ಬದಲಿಸಿ ಹೊಸದಾಗಿ ಕಟ್ಟಿದರು, ವಿದ್ಯುತ್ ಬಂದದ್ದು 2000ದಲ್ಲಿ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಅದೇ ಒಂದನೇ ಘಟಕ 2018ರ ಹೊತ್ತಿಗೆ 962 ದಿನ ಎಡೆಬಿಡದೆ ನಡೆದು ಜಗತ್ತಿನ ದಾಖಲೆ ಮಾಡಿತು. ಕೆಲಸ ಬಲ್ಲ ಜನ ಅಲ್ಲಿ ಇದ್ದಾರೆ. ಕೈಗಾ 5 ಮತ್ತು 6ರ ಗುತ್ತಿಗೆ 2025ರಲ್ಲಿ ಹೈದರಾಬಾದಿನ ಮೇಘಾ ಇಂಜಿನಿಯರಿಂಗ್ ಕಂಪನಿಗೆ ಹೋಯಿತು. ಅಣುಕ್ಷೇತ್ರದಲ್ಲಿ ಅದಕ್ಕೆ ಇದೇ ಮೊದಲ ಕೆಲಸ. ಕಡಿಮೆ ದರವನ್ನಷ್ಟೇ ನೋಡದೆ ಗುಣಮಟ್ಟಕ್ಕೂ ಅಂಕ ಹಾಕಿ ಗುತ್ತಿಗೆ ಕೊಟ್ಟರು ಎಂದು ಸುದ್ದಿಯಾಯಿತು. ಒಳ್ಳೆಯದೇ. ಆದರೆ ಆ ಅಂಕಪಟ್ಟಿಯಲ್ಲಿ ಊರಿನ ಬಾವಿಗೆ, ಕೂಲಿಯವನ ಪಗಾರಕ್ಕೆ, ಜಲ್ಲಿ ತರುವ ಗುಡ್ಡಕ್ಕೆ ಒಂದು ಕಾಲಂ ಇರಬೇಕಲ್ಲವೇ? ಕೊಪ್ಪಳದ ಕಡೆ ಏನಾದರೂ ಎದ್ದರೆ ಕಲ್ಲು, ಜಲ್ಲಿ ಎಲ್ಲಿಂದ ಹೋಗುತ್ತದೆ? ಇಳಕಲ್ಲಿನ ಕೆಂಪುಕಲ್ಲು ದೂರದೂರಿಗೆ ಹೋಗಿ ಮಹಲಾಗುತ್ತದೆ. ಧೂಳು ನಮ್ಮ ತೊಗರಿಯ ಎಲೆಯ ಮೇಲೆ ಕೂತಿರುತ್ತದೆ.

ಹೊಣೆಯ ಲೆಕ್ಕ ನೋಡಿ. 1984ರ ಭೋಪಾಲದ ಪಾಠ ಕಲಿತು 2010ರಲ್ಲಿ ಮಾಡಿದ ಕಾನೂನಿನಲ್ಲಿ ಒಂದು ಕಲಮು ಇತ್ತು. ಕಳಪೆ ಸಾಮಾನಿನಿಂದ ಅಪಘಾತವಾದರೆ, ಪರಿಹಾರ ಕೊಟ್ಟ ಸ್ಥಾವರದವರು ಆ ಹಣವನ್ನು ಸಾಮಾನು ಕೊಟ್ಟವನಿಂದ ವಸೂಲು ಮಾಡಬಹುದಿತ್ತು. ವಿದೇಶಿ ಕಂಪನಿಗಳಿಗೆ ಅದು ಕಣ್ಣಿಗೆ ಬಿದ್ದ ಕಸವಾಗಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಪಾಸು ಮಾಡಿದ 'ಶಾಂತಿ' ಎಂಬ ಹೆಸರಿನ ಹೊಸ ಕಾನೂನು ಖಾಸಗಿಯವರಿಗೆ ಬಾಗಿಲು ತೆರೆಯಿತು, ಆ ಕಲಮನ್ನು ತೆಗೆಯಿತು. ಇನ್ನು ಮೇಲೆ ಕರಾರಿನಲ್ಲಿ ಬರೆದಿದ್ದರೆ, ಇಲ್ಲವೇ ಬೇಕೆಂದೇ ಹಾನಿ ಮಾಡಿದ್ದರೆ ಮಾತ್ರ ವಸೂಲಿ. ಅಂದರೆ ಬೀಜದ ಅಂಗಡಿಯ ನ್ಯಾಯವೇ ಇಲ್ಲಿಗೂ ಬಂತು. ಸೆಪ್ಟೆಂಬರಿನಲ್ಲಿ ಗಣಿಯ ಅಹವಾಲು ಹೋಯಿತು, ಡಿಸೆಂಬರಿನಲ್ಲಿ ಪೂರೈಕೆದಾರನ ಹೊಣೆ ಹೋಯಿತು. ನಾಲ್ಕು ತಿಂಗಳೂ ತುಂಬಲಿಲ್ಲ.

ಸ್ಥಾವರಕ್ಕೆ ಯುರೇನಿಯಂ ಕೊಡುವ ಗಣಿಯೂ ಒಂದು ಪೂರೈಕೆದಾರನೇ. ಆಂಧ್ರದ ಪುಲಿವೆಂದುಲದ ಹತ್ತಿರ ತುಮ್ಮಲಪಲ್ಲಿಯಲ್ಲಿ ಸರಕಾರದ ಯುರೇನಿಯಂ ನಿಗಮ 2012ರಿಂದ ಕಾರ್ಖಾನೆ ನಡೆಸಿದೆ. ತ್ಯಾಜ್ಯದ ಕೊಳದಿಂದ ಬೋರಿನ ನೀರು ಕೆಟ್ಟಿತು, ಬಾಳೆ ಒಣಗಿತು ಎಂದು ಅಲ್ಲಿಯ ರೈತರ ಕೂಗು. ಕೊಳದ ತಳಕ್ಕೆ ಸರಿಯಾದ ಹೊದಿಕೆ ಇಲ್ಲವೆಂದು 2018ರಲ್ಲಿ ಆಂಧ್ರದ ಮಾಲಿನ್ಯ ನಿಯಂತ್ರಣ ಮಂಡಳಿಯೇ ನೋಟಿಸು ಕೊಟ್ಟಿತು. ನಿಗಮ ರೈತರ ಆರೋಪವನ್ನು ಒಪ್ಪಲಿಲ್ಲ. ಇಂಥ ಜಗಳದಲ್ಲಿ ಕಂಪನಿಯ ಉತ್ತರ ಯಾವಾಗಲೂ ಒಂದೇ: ನಿಮ್ಮ ಭೂಮಿಯೊಳಗೇ ಯುರೇನಿಯಂ ಇದೆ, ನೀರಿನಲ್ಲಿ ಮೊದಲಿನಿಂದಲೂ ಇತ್ತು. ಇದ್ದಿರಲೂಬಹುದು! ಮೊದಲು ಎಷ್ಟಿತ್ತು ಎಂಬ ಚೀಟಿ ರೈತನ ಕೈಯಲ್ಲಿ ಇಲ್ಲದಿದ್ದರೆ ವಾದ ಅಲ್ಲಿಗೇ ಮುಗಿಯಿತು.

ನಮ್ಮ ಜಿಲ್ಲೆಯವರಿಗೆ ಮುಳುಗಡೆಯ ಅನುಭವ ಇದೆ. ಕೃಷ್ಣಾ ಮೇಲ್ದಂಡೆಯ ಮೂರನೇ ಹಂತಕ್ಕೆ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ತೀರ್ಮಾನಿಸಿತು. ಮುಳುಗುವ ಹೊಲಕ್ಕೆ ಹೀಗೆ ಒಂದು ದರವಾದರೂ ಇದೆ. ಹೊಲ ನಿಮ್ಮ ಹೆಸರಿನಲ್ಲೇ ಉಳಿದು, ಬೋರಿನ ನೀರು ಕೆಟ್ಟು, ಉಳ್ಳಾಗಡ್ಡಿಯನ್ನು ಪೇಟೆಯವ ಮುಟ್ಟದೆ ಹೋದರೆ ಅದಕ್ಕೆ ದರ ಕಟ್ಟಿದವರು ಯಾರು? ಬ್ಯಾಂಕಿನವ ಕಂತು ಬಿಡುತ್ತಾನೆಯೇ?

ಆದ್ದರಿಂದ ಸಾಹೇಬರ ಜೀಪು ಬರುವ ಮೊದಲೇ ಗ್ರಾಮಸಭೆಯಲ್ಲಿ ಠರಾವು ಮಾಡಿಡಿ. ಗಣಿಗೆ ಅಹವಾಲು ಬೇಕಿಲ್ಲವೆಂದು ಕೇಂದ್ರ ಹೇಳಿರಬಹುದು, ಊರು ತಾನಾಗಿ ಸಭೆ ಕರೆದು ಪ್ರಶ್ನೆ ಬರೆದು ಕಳಿಸುವುದನ್ನು ಯಾರೂ ತಡೆದಿಲ್ಲ. ಪೂರ್ತಿ ವರದಿ ಕನ್ನಡದಲ್ಲಿ ಕೇಳಿ, ಸಾರಾಂಶದಲ್ಲಿ ನುಂಗುವ ಮಾತೇ ಬಹಳ. ಗುತ್ತಿಗೆದಾರ ಯಾರು, ಅವನ ಕೆಳಗಿನ ಗುತ್ತಿಗೆದಾರ ಯಾರು, ಕಳಪೆ ಸಾಮಾನಿಗೆ ಅವನಿಂದ ವಸೂಲಿ ಮಾಡುವ ಮಾತು ಕರಾರಿನಲ್ಲಿ ಬರೆದೀರೋ ಇಲ್ಲೋ, ಆ ಪುಟ ತೋರಸ್ರಿ ಅಂತ ಕೇಳಿ. ಬಾಯಿಮಾತಿನ ಉತ್ತರ ತಗೊಳ್ಳಬೇಡಿ, ಸಹಿ, ಮೊಹರು, ತಾರೀಖು ಇರಲಿ. ಎಲ್ಲಕ್ಕೂ ಮೊದಲು, ಮೊದಲ ಗೂಟ ಬೀಳುವ ಮುಂಚೆ, ನಿಮ್ಮ ಬಾವಿ, ಬೋರಿನ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಯುರೇನಿಯಂ ಎಷ್ಟಿದೆ ಎಂದು ಬರೆಸಿಕೊಳ್ಳಿ. ಕುಡಿಯುವ ನೀರಿಗೆ ಲೀಟರಿಗೆ 30 ಮೈಕ್ರೋಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಆ ಚೀಟಿಯ ಒಂದು ಪ್ರತಿ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದನ್ನು ಹೊಲದ ಉತಾರದ ಜೊತೆ ಟ್ರಂಕಿನಲ್ಲಿ ಇಡಿ.