ಹಳೆಯ ಬೋಟಿನ ದುರಸ್ತಿ ಮತ್ತು ನಮ್ಮ ಲೆಕ್ಕದ ಪುಸ್ತಕ

ಸಮುದ್ರವನ್ನೇ ಕಾಣದ ನಮ್ಮ ಜಿಲ್ಲೆಯ ವಾಣಿಜ್ಯ ಪತ್ರಿಕೆಯಲ್ಲಿ ಮೀನುಗಾರಿಕೆ ಬೋಟಿನ ದುರಸ್ತಿಯ ಬಗೆಗೆ ಲೇಖನವೇಕೆ ಎಂದು ಸದಸ್ಯ ಬಂಧುಗಳು ಕೇಳುವುದು ಸಹಜ. ಸಾವಿರ ಅಡಿ ಕೊರೆದರೂ ನೀರು ದೊರೆತೀತೆಂಬ ಭರವಸೆಯಿಲ್ಲದ ಊರುಗಳು ನಮ್ಮವು. ಎಚ್.ಎನ್. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಬಂದ ಮೇಲೆ ಕೆಲವು ಕೆರೆಗಳು ತುಂಬಿವೆಯಾದರೂ ಬೋಟು ಇಳಿಸುವಷ್ಟೇನೂ ಅಲ್ಲ! ಆದರೆ ಹಳೆಯದೊಂದು ಯಂತ್ರಕ್ಕೆ ಒಡೆಯನಾಗಿರುವುದೆಂದರೆ ಏನು ಎಂಬುದನ್ನು, ಮೂರು ದಶಕಗಳ ವೃತ್ತಿಯ ನಂತರ, ನಾನು ಸರಿಯಾಗಿ ಕಲಿತದ್ದು ಮಲ್ಪೆ ಬಂದರಿನ ಒಂದು ಮರದ ಟ್ರಾಲ್ ಬೋಟಿನಿಂದ. ಅದೂ ನನ್ನದೇ ತಪ್ಪಿನಿಂದ. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರಿಗೂ, ಗೌರಿಬಿದನೂರಿನ ಮಗ್ಗದ ಮಾಲೀಕರಿಗೂ, ಚಿಂತಾಮಣಿಯ ಗಿರಣಿಯವರಿಗೂ ಆ ಪಾಠ ಅನ್ವಯಿಸುತ್ತದೆಂದು ನಂಬಿ ಇದನ್ನು ಬರೆಯುತ್ತಿದ್ದೇನೆ.

ನನ್ನೊಡನೆ ಬಿ.ಕಾಂ. ಓದಿದ ಗೆಳೆಯನೊಬ್ಬ ಮಲ್ಪೆಯವನು. ತಂದೆಯಿಂದ ಬಂದ ಬೋಟನ್ನು ಆತನೇ ನಡೆಸುತ್ತಾನೆ. ಹೆಬ್ಬಲಸಿನ ಹಲಗೆಯ ಒಡಲು. ಎಂಜಿನ್ ಒಮ್ಮೆ ಬದಲಾಗಿದೆ. ತಂಡೇಲನೂ ಸೇರಿ ಎಂಟು ಮಂದಿ ಅದರಲ್ಲಿ ದುಡಿಯುತ್ತಾರೆ. ವರ್ಷಕ್ಕೊಮ್ಮೆ ಲೆಕ್ಕ ನೋಡಿಕೊಡುವುದು ನಮ್ಮ ಸ್ನೇಹದ ಒಂದು ರೂಢಿ. ಶುಲ್ಕದ ಬದಲು ಬಂಗುಡೆಯ ಊಟ, ಅಷ್ಟೇ.

ಆ ವ್ಯವಹಾರದಲ್ಲಿ ಮೊದಲಿಗೆ ನನ್ನ ಗಮನ ಸೆಳೆದದ್ದು ದುರಸ್ತಿಗೊಂದು ಋತುವೇ ಇರುವುದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಿಷೇಧದ ಉದ್ದೇಶ ಮೀನಿನ ಸಂತಾನವೃದ್ಧಿ. ಆದರೆ ಅದರ ಫಲವನ್ನು ಮೀನಿನಷ್ಟೇ ಬೋಟೂ ಉಣ್ಣುತ್ತದೆ. ಆ ಎರಡು ತಿಂಗಳಲ್ಲಿ ಬೋಟನ್ನು ದಡಕ್ಕೆಳೆದು ಅಡಿಭಾಗಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದು ತೆಗೆಯುತ್ತಾರೆ. ಆಚಾರಿಗಳು ಒಂದೊಂದು ಹಲಗೆಯನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ. ಟೊಳ್ಳು ಸದ್ದು ಬಂದರೆ ಒಳಗೆ ಹುಳು ಕೊರೆದಿದೆಯೆಂದು ಅರ್ಥ. ಸಂದುಗಳಿಗೆ ಹತ್ತಿಯ ನೂಲನ್ನು ಬಡಿದು ತುಂಬಿ ಮೇಲೆ ರಾಳ ಹಚ್ಚುತ್ತಾರೆ. ಎಂಜಿನ್ ಬಿಚ್ಚುತ್ತಾರೆ, ಶಾಫ್ಟು, ಫ್ಯಾನು, ಬಲೆ ಎಳೆಯುವ ವಿಂಚು ಎಲ್ಲವೂ ಪರೀಕ್ಷೆಗೆ ಒಳಗಾಗುತ್ತವೆ.

ಅಲ್ಲಿ ಕಂಡ ಒಂದು ಸಣ್ಣ ವಸ್ತು ನನ್ನಂಥ ಲೆಕ್ಕಿಗನಿಗೆ ಬಹಳ ಹಿಡಿಸಿತು. ಬೋಟಿನ ಅಡಿಯಲ್ಲಿ ಲೋಹದ ಭಾಗಗಳ ಹತ್ತಿರ ಸತುವಿನ ತುಂಡುಗಳನ್ನು ಬಿಗಿದಿರುತ್ತಾರೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಜೊತೆಗಿದ್ದಾಗ ಒಂದು ಮತ್ತೊಂದನ್ನು ತಿನ್ನುತ್ತದೆ. ಸತುವು ಇತರ ಲೋಹಗಳಿಗಿಂತ ಮುಂಚೆ ತಾನೇ ಕರಗಿ ಶಾಫ್ಟನ್ನೂ ಫ್ಯಾನನ್ನೂ ಉಳಿಸುತ್ತದೆ. ಹಾಳಾಗಲೆಂದೇ ದುಡ್ಡು ಕೊಟ್ಟು ತರುವ ಸಾಮಾನು ಅದು. ಕರಗಿದ ತುಂಡನ್ನು ಅಂಗೈಯಲ್ಲಿಟ್ಟು ಗೆಳೆಯ, "ಇದು ಸವೆದಿದ್ದರೆ ಸಂತೋಷ ಮಾರಾಯ, ಸವೆಯದೆ ಇದ್ದರೆ ಬೇರೆ ಏನೋ ಸವೆದಿದೆ ಅಂತ ಲೆಕ್ಕ" ಎಂದಿದ್ದ.

ಇನ್ನು ಆದಾಯ ಹಂಚಿಕೆಯ ಕ್ರಮ. ಆತನ ಬೋಟಿನಲ್ಲಿ ಮೀನು ಮಾರಿದ ಹಣದಿಂದ ಡೀಸೆಲ್, ಮಂಜುಗಡ್ಡೆ, ಊಟದ ಖರ್ಚು ಕಳೆದು ಉಳಿದದ್ದರಲ್ಲಿ ಕೆಲಸಗಾರರಿಗೆ ಪಾಲು, ಮಾಲೀಕನಿಗೆ ಪಾಲು. ಒಡಲಿನ ಹಾಗೂ ಎಂಜಿನ್ನಿನ ದುರಸ್ತಿ ಮಾತ್ರ ಮಾಲೀಕನದೇ ಹೊಣೆ. ಹೀಗಾಗಿ ಎಂಜಿನ್ ಹಳತಾಗಿ ಡೀಸೆಲ್ ಹೆಚ್ಚು ಕುಡಿಯತೊಡಗಿದರೆ ಅದರ ಭಾರ ಕೆಲಸಗಾರನ ಪಾಲಿನ ಮೇಲೂ ಬೀಳುತ್ತದೆ. ಆತ ದೂರು ಹೇಳುವುದಿಲ್ಲ. ಮುಂದಿನ ಋತುವಿಗೆ ಬೇರೆ ಬೋಟು ಹತ್ತುತ್ತಾನೆ. ಒಳ್ಳೆಯ ತಂಡೇಲ ಹೋದ ನಷ್ಟವನ್ನು ಯಾವ ಖಾತೆಯಲ್ಲಿ ಬರೆಯುವುದು? ನಮ್ಮಲ್ಲಿ ಹಳೆಯ ಮಗ್ಗದಲ್ಲಿ ಪದೇ ಪದೇ ಎಳೆ ಕಡಿಯುವಾಗ ಮೀಟರಿನ ಲೆಕ್ಕದಲ್ಲಿ ಕೂಲಿ ಪಡೆಯುವ ನೇಕಾರನು ಮಾಡುವುದೂ ಇದನ್ನೇ.

ಈಗ ನನ್ನ ತಪ್ಪಿನ ಸಂಗತಿ. 2019ರ ಅಕ್ಟೋಬರ್ ವೇಳೆಗೆ ಅರಬ್ಬೀ ಸಮುದ್ರದಲ್ಲಿ ಕ್ಯಾರ್ ಮತ್ತು ಮಹಾ ಚಂಡಮಾರುತಗಳು ಒಂದರ ಹಿಂದೊಂದು ಬಂದು ದುಡಿಮೆಯ ದಿನಗಳು ಹಾಳಾದವು. 2020ರ ಮಾರ್ಚಿನಲ್ಲಿ ಲಾಕ್‌ಡೌನ್. ಕಳೆದ ದಿನಗಳನ್ನು ತುಂಬಿಕೊಡಲೆಂದು ಕೇಂದ್ರ ಸರ್ಕಾರ ಆ ವರ್ಷ ನಿಷೇಧದ ಅವಧಿಯನ್ನು 47 ದಿನಕ್ಕೆ ಇಳಿಸಿತು. ಗೆಳೆಯನ ಕೈಯಲ್ಲಿ ಹಣವಿರಲಿಲ್ಲ. ಆ ಮಳೆಗಾಲ ಬೋಟನ್ನು ದಡಕ್ಕೆಳೆಯಲಿಲ್ಲ. ನೀರಿನಿಂದ ಮೇಲೆ ಕಾಣುವ ಭಾಗಕ್ಕೆ ಬಣ್ಣ ಬಳಿದು ಬಿಟ್ಟ. 2021ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕವನ್ನು ಜೂನ್ ತಿಂಗಳಲ್ಲಿ ನನಗೆ ಕಳುಹಿಸಿದಾಗ ದುರಸ್ತಿ ಖಾತೆಯ ಮೊತ್ತ ಹಿಂದಿನ ವರ್ಷದ ಅರ್ಧಕ್ಕೂ ಕಡಿಮೆಯಿತ್ತು, ನಿವ್ವಳ ಲಾಭ ಪರವಾಗಿಲ್ಲವೆನ್ನುವಂತಿತ್ತು. ನಾನು ದೂರವಾಣಿಯಲ್ಲಿ, "ಖರ್ಚನ್ನು ಚೆನ್ನಾಗಿ ಹಿಡಿತದಲ್ಲಿಟ್ಟಿದ್ದೀಯ, ಹೀಗೇ ಮುಂದುವರಿಸು" ಎಂದೆ. ಆತ ಹಾಗೇ ಮುಂದುವರಿಸಿದ. 2021ರ ಮಳೆಗಾಲದಲ್ಲಿಯೂ ಅಡಿಭಾಗವನ್ನು ಯಾರೂ ಸುತ್ತಿಗೆಯಿಂದ ತಟ್ಟಲಿಲ್ಲ.

ಡಿಸೆಂಬರ್‌ನಲ್ಲಿ, ಬಂದರಿನಿಂದ ಹಲವು ಗಂಟೆಗಳ ದೂರದಲ್ಲಿ, ಅಡಿಮರದ ಪಕ್ಕದ ಹಲಗೆಯೊಂದು ಬಾಯಿಬಿಟ್ಟಿತು. ಎಂಜಿನ್ ಕೋಣೆಯಲ್ಲಿ ನೀರು ಏರಿತು. ಪಂಪು ಓಡುತ್ತಿದ್ದಷ್ಟು ಹೊತ್ತು ಓಡಿತು. ಆಮೇಲೆ ಬಕೆಟ್ಟಿನಲ್ಲಿ ನೀರು ಮೊಗೆದರು. ವಯರ್‌ಲೆಸ್ ಕರೆ ಕೇಳಿದ ಮತ್ತೊಂದು ಬೋಟು ತನ್ನ ಬಲೆಯನ್ನು ಅರ್ಧಕ್ಕೇ ಎಳೆದುಕೊಂಡು ಬಂದು ಹಗ್ಗ ಕಟ್ಟಿ ದಡ ಸೇರಿಸಿತು. ಎಂಟು ಮಂದಿಯೂ ಬದುಕಿ ಬಂದರು. ಅವರಲ್ಲೊಬ್ಬನಿಗೆ ಮದುವೆಯಾಗಿ ಒಂದು ತಿಂಗಳಾಗಿತ್ತೆಂದು ತಿಳಿದ ದಿನ, ನಾನು ಆಡಿದ ಆ ಮೆಚ್ಚುಗೆಯ ಮಾತು ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ.

ವಿಮೆ ಇತ್ತು. ಆದರೆ ಸರ್ವೇಯರ್ ಬಂದು ಕೇಳಿದ ಮೊದಲ ಪ್ರಶ್ನೆ, ಅಡಿಭಾಗದ ಕಡೆಯ ತಪಾಸಣೆ ಯಾವಾಗ ಆಯಿತು, ಬಿಲ್ಲು ಎಲ್ಲಿದೆ ಎಂಬುದು. ಕೇಳಿದ ಮೊತ್ತದಲ್ಲಿ ಅಲ್ಪಭಾಗ ಮಾತ್ರ ಕೈಸೇರಿತು. ಕಂಪನಿಯನ್ನು ದೂರುವಂತಿಲ್ಲ. 1963ರ ಸಾಗರ ವಿಮಾ ಕಾಯಿದೆಯ 55ನೆಯ ವಿಧಿಯನ್ನು ನಾನು ಆಗ ತೆರೆದು ಓದಿದೆ: ಪಾಲಿಸಿಯಲ್ಲಿ ಬೇರೆ ರೀತಿ ಹೇಳದಿದ್ದರೆ ಸಹಜ ಸವೆತ, ಸಹಜ ಸೋರಿಕೆಗಳಿಗೂ, ಇಲಿ ಮತ್ತು ಹುಳುಹುಪ್ಪಟೆಗಳಿಂದಾದ ಹಾನಿಗೂ ವಿಮೆಗಾರ ಹೊಣೆಯಲ್ಲ. 41ನೆಯ ವಿಧಿ ಇನ್ನೂ ಕಠಿಣ. ನಿಗದಿತ ಅವಧಿಗೆ ಪಡೆದ ಪಾಲಿಸಿಯಲ್ಲಿ, ಕಡಲಿಗೆ ಯೋಗ್ಯವಲ್ಲವೆಂದು ತಿಳಿದೂ ಮಾಲೀಕನು ನೌಕೆಯನ್ನು ಕಳುಹಿಸಿದ್ದರೆ, ಆ ಅಯೋಗ್ಯತೆಯಿಂದಾದ ನಷ್ಟಕ್ಕೆ ಪರಿಹಾರವಿಲ್ಲ. ಎಂದರೆ ದುರಸ್ತಿಯ ಬಿಲ್ಲು ಬರಿಯ ಖರ್ಚಿನ ಚೀಟಿಯಲ್ಲ. ಮಾಲೀಕನು ಜಾಗ್ರತೆ ವಹಿಸಿದ್ದಕ್ಕೆ ಸಾಕ್ಷಿಯೂ ಹೌದು. ನಮ್ಮ ಕಾರ್ಖಾನೆಗಳ ಬೆಂಕಿ ವಿಮೆ, ಯಂತ್ರ ವಿಮೆಗಳ ಪಾಲಿಸಿಗಳಲ್ಲಿಯೂ ಸಹಜ ಸವೆತವನ್ನು ಹೊರಗಿಡುವ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಓದುವವರು ಕಡಿಮೆ.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಆ ವರ್ಷ ನಡೆದದ್ದಾದರೂ ಏನು? ಮಾಡಿದ ದುರಸ್ತಿಗೆ ನಮ್ಮ ಪುಸ್ತಕದಲ್ಲಿ ಜಾಗವಿದೆ, ಮಾಡದ ದುರಸ್ತಿಗೆ ಇಲ್ಲ. ಮುಂದೂಡಿದ ಕೆಲಸವು ಖರ್ಚಿನ ಕಡೆಯಿಂದ ಮಾಯವಾಗಿ ಲಾಭದ ಕಡೆ ಪ್ರತ್ಯಕ್ಷವಾಗುತ್ತದೆ. ನಾನು ಲಾಭವೆಂದು ಮೆಚ್ಚಿದ್ದು ಬೋಟಿನ ಹಲಗೆಯನ್ನೇ. ಸವಕಳಿ ಹಾಕಿದ್ದೇವಲ್ಲ ಎನ್ನಬಹುದು. 1962ರ ಆದಾಯ ತೆರಿಗೆ ನಿಯಮಗಳ ಪಟ್ಟಿಯಲ್ಲಿ ಮರದ ಒಡಲಿನ ಮೀನುಗಾರಿಕೆ ನೌಕೆಗೆ 20 ಪ್ರತಿಶತ, ಸಾಮಾನ್ಯ ಯಂತ್ರಗಳಿಗೆ 15 ಪ್ರತಿಶತ ಸವಕಳಿಯ ದರವಿತ್ತು. 20 ಲಕ್ಷ ರೂಪಾಯಿಯ ಬೋಟು 20 ಪ್ರತಿಶತದಂತೆ ಹತ್ತು ವರ್ಷದಲ್ಲಿ ಪುಸ್ತಕದಲ್ಲಿ ಸುಮಾರು 2.15 ಲಕ್ಷಕ್ಕೆ ಇಳಿಯುತ್ತದೆ. ಕಳೆದ 17.85 ಲಕ್ಷ ಎಲ್ಲಿದೆ? ಎಲ್ಲಿಯೂ ಇಲ್ಲ. ಅಷ್ಟು ಹಣವನ್ನು ಯಾರೂ ಬೇರೆ ತೆಗೆದಿಟ್ಟಿಲ್ಲ. ಅದು ಮಗಳ ಮದುವೆಗೆ, ನಿವೇಶನಕ್ಕೆ, ಹಳೆಯ ಸಾಲಕ್ಕೆ ಹೋಗಿದೆ. ಸವಕಳಿಯೆಂಬುದು ತೆರಿಗೆಯನ್ನು ಕಡಿಮೆ ಮಾಡಬಲ್ಲದೇ ಹೊರತು ಹಲಗೆಯನ್ನು ತಂದುಕೊಡಲಾರದು.

ತೆರಿಗೆಯ ಮಾತು ಬಂದದ್ದರಿಂದ ಒಂದೆರಡು ಸಾಲು. ದುರಸ್ತಿಯೋ ಬಂಡವಾಳ ವೆಚ್ಚವೋ ಎಂಬ ಜಗಳ ಹಳೆಯದು. 1956ರಲ್ಲಿ ನ್ಯೂ ಶೋರಾಕ್ ಗಿರಣಿಯ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಅವರು, ಇರುವ ಆಸ್ತಿಯನ್ನು ಉಳಿಸಿಕೊಳ್ಳುವ ಖರ್ಚು ದುರಸ್ತಿ, ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವ ಖರ್ಚು ದುರಸ್ತಿಯಲ್ಲ ಎಂಬ ಒರೆಗಲ್ಲನ್ನು ಕೊಟ್ಟರು. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಿರಣಿಯ ಒಂದೊಂದು ಯಂತ್ರವೂ ಸ್ವತಂತ್ರ, ರಿಂಗ್ ಫ್ರೇಮನ್ನೇ ಬದಲಿಸುವುದು ಚಾಲ್ತಿ ದುರಸ್ತಿಯಲ್ಲ ಎಂದಿತು. 2025ರ ಹೊಸ ಕಾಯಿದೆಯೂ ಈ ಭೇದವನ್ನು ಉಳಿಸಿಕೊಂಡಿದೆ. ಹಲಗೆ ಬದಲಿಸಿದರೆ ದುರಸ್ತಿ. ಹೆಚ್ಚು ಅಶ್ವಶಕ್ತಿಯ ಹೊಸ ಎಂಜಿನ್ ಕೂರಿಸಿದರೆ ಅದನ್ನು ಬಂಡವಾಳವೆಂದೇ ಬರೆದು ಸವಕಳಿ ಪಡೆಯುವುದು ಲೇಸೆಂದು ನನ್ನ ಅಭಿಪ್ರಾಯ. ಒಂದು ವರ್ಷದ ತೆರಿಗೆ ಉಳಿಸಲು ಹತ್ತು ವರ್ಷ ಮೇಲ್ಮನವಿ ನಡೆಸುವ ಉತ್ಸಾಹ ನನಗೀಗ ಉಳಿದಿಲ್ಲ. ಜಿಎಸ್‌ಟಿಯ ವಿಷಯದಲ್ಲಿ ಬೋಟಿನವರೂ ಶಿಡ್ಲಘಟ್ಟದವರೂ ಒಂದೇ ದೋಣಿಯ ಪಯಣಿಗರು. ತಾಜಾ ಮೀನಿಗೂ ಕಚ್ಚಾ ರೇಷ್ಮೆಗೂ ತೆರಿಗೆಯಿಲ್ಲ. ಆದುದರಿಂದ ಬಿಡಿಭಾಗಗಳ ಮೇಲೆ ತೆತ್ತ ತೆರಿಗೆ ಮರಳಿ ಬರುವುದೂ ಇಲ್ಲ. ದುರಸ್ತಿಯ ಅಂದಾಜು ಹಾಕುವಾಗ ಅದನ್ನೂ ಸೇರಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿ, ಹಳೆಯದನ್ನು ಮಾರಿ ಹೊಸದನ್ನು ಕೊಳ್ಳಿ ಎಂದು ನಾನು ಸಲಹೆ ಕೊಡುತ್ತಿಲ್ಲ. ಗೆಳೆಯನಿಗೂ ಕೊಡಲಿಲ್ಲ. ಸಾಲದ ಹೊಸ ಬೋಟು ಮೀನಿರಲಿ ಇರದಿರಲಿ ಕಂತಿನ ಭಯಕ್ಕೆ ಕಡಲಿಗಿಳಿಯಲೇಬೇಕು. ಸಾಲ ತೀರಿದ ಹಳೆಯ ಬೋಟಿಗೆ, ಡೀಸೆಲ್ ಖರ್ಚೂ ಹುಟ್ಟದ ದಿನಗಳಲ್ಲಿ ದಕ್ಕೆಯಲ್ಲಿ ಸುಮ್ಮನೆ ನಿಲ್ಲುವ ಸ್ವಾತಂತ್ರ್ಯವಿದೆ. ಗೂಡಿನ ಬೆಲೆ ಏರಿ ನೂಲಿನ ಬೆಲೆ ಏರದ ವಾರಗಳಲ್ಲಿ ಕಾಟೇಜ್ ಬೇಸಿನ್ ಇಟ್ಟುಕೊಂಡವರು ಬಾಗಿಲು ಹಾಕಿ ಕಾದದ್ದನ್ನೂ, ಸಾಲ ಮಾಡಿ ಆಟೊಮ್ಯಾಟಿಕ್ ಯಂತ್ರ ತಂದವರು ಕಾಯಲಾರದೆ ನಷ್ಟದಲ್ಲಿಯೇ ಓಡಿಸಿದ್ದನ್ನೂ ನನ್ನ ಕಕ್ಷಿದಾರರಲ್ಲಿಯೇ ಕಂಡಿದ್ದೇನೆ. ಈ ಸ್ವಾತಂತ್ರ್ಯದ ಬೆಲೆ ಅಢಾವೆ ಪತ್ರಿಕೆಯಲ್ಲಿ ಕಾಣುವುದಿಲ್ಲ. ಆದರೆ ಅದು ಪುಕ್ಕಟೆಯೂ ಅಲ್ಲ. ವರ್ಷವರ್ಷವೂ ಆಚಾರಿಯ ಸುತ್ತಿಗೆಗೆ ಕೊಡುವ ಕೂಲಿಯೇ ಅದರ ಬೆಲೆ. ಇಷ್ಟು ದುಡ್ಡು ಸುರಿದಿದ್ದೇನೆ, ಈಗ ಬಿಡುವುದು ಹೇಗೆ ಎಂಬ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. ಸುರಿದದ್ದು ಹೋಯಿತು. ಮುಂದಿನ ಮೂರು ವರ್ಷಕ್ಕೆ ಬೇಕಾದ ದುರಸ್ತಿ ಎಷ್ಟು, ಬರುವ ಆದಾಯ ಎಷ್ಟು ಎಂಬುದಷ್ಟೇ ಲೆಕ್ಕಕ್ಕೆ ಬರುವ ಪ್ರಶ್ನೆ.

ನಮ್ಮ ಸದಸ್ಯರಲ್ಲಿ ಎರಡು ವಿನಂತಿಗಳಿವೆ. ನಮ್ಮ ಮಗ್ಗಕ್ಕೂ, ಗಾಣಕ್ಕೂ, ಕ್ರಷರ್‌ಗೂ 61 ದಿನದ ಕಡ್ಡಾಯ ರಜೆಯನ್ನು ಯಾವ ಸರ್ಕಾರವೂ ವಿಧಿಸಿಲ್ಲ. ಕೆಟ್ಟು ನಿಂತ ದಿನವೇ ನಮಗೆ ದುರಸ್ತಿಯ ದಿನ. ಆಯುಧಪೂಜೆಯಂದು ಯಂತ್ರವನ್ನು ತೊಳೆದು ಕುಂಕುಮವಿಡುತ್ತೇವೆ, ಬಿಚ್ಚಿ ನೋಡುವುದಿಲ್ಲ. ವರ್ಷದಲ್ಲಿ ಹತ್ತು ದಿನವನ್ನಾದರೂ, ವ್ಯಾಪಾರ ಮಂದವಿರುವ ಕಾಲ ನೋಡಿ, ನಾವೇ ನಿಗದಿ ಮಾಡಿಕೊಳ್ಳಬೇಕು. ಎರಡನೆಯದು, ಮಾರ್ಚ್ 31ರ ಅಢಾವೆ ಪತ್ರಿಕೆಯ ಜೊತೆಗೆ ಒಂದು ಹಾಳೆ: ಒಂದೊಂದು ಯಂತ್ರದ ಹೆಸರು, ಆಗಬೇಕಾಗಿದ್ದು ಆಗದೆ ಉಳಿದ ದುರಸ್ತಿ, ಅದರ ಅಂದಾಜು ಮೊತ್ತ. ಕಾನೂನು ಇದನ್ನು ಕೇಳುವುದಿಲ್ಲ, ಬ್ಯಾಂಕಿಗೆ ತೋರಿಸಬೇಕಾಗಿಯೂ ಇಲ್ಲ. ಅಷ್ಟು ಮೊತ್ತವನ್ನು ಲಾಭದಿಂದ ಕಳೆದು ನೋಡಿದ ಮೇಲೆ ಮನೆಖರ್ಚಿಗೆ ತೆಗೆಯುವ ಹಣವನ್ನು ತೀರ್ಮಾನಿಸಿದರೆ ಸಾಕು.

ಗೆಳೆಯನ ಬೋಟು ಈಗಲೂ ಓಡುತ್ತಿದೆ. ಅಡಿಭಾಗದ ಹಲಗೆಗಳಲ್ಲಿ ಮೂರನೆಯ ಒಂದು ಭಾಗ ಹೊಸದು. ಪ್ರತಿ ಸಲ ಮೀನು ಮಾರಿದಾಗಲೂ ತನ್ನ ಪಾಲಿನಿಂದ ಒಂದಂಶವನ್ನು ಬೇರೊಂದು ಬ್ಯಾಂಕ್ ಖಾತೆಗೆ ಹಾಕುತ್ತಾನೆ. ಆ ಖಾತೆಯ ಚೆಕ್ ಪುಸ್ತಕ ಆತನ ಹೆಂಡತಿಯ ವಶದಲ್ಲಿದೆ. ನನ್ನ ಕಕ್ಷಿದಾರರಿಗೆಲ್ಲ ಆ ಒಂದು ಹಾಳೆ ತರಲು ಹೇಳಿದ್ದೆ. ಈವರೆಗೆ ಇಬ್ಬರು ತಂದಿದ್ದಾರೆ. ಅವರಲ್ಲೊಬ್ಬರು ಶಿಡ್ಲಘಟ್ಟದವರು, ಬಾಯ್ಲರಿನ ಹಬೆ ಕೊಳವೆಯ ಮುಂದೆ "ಎರಡು ವರ್ಷದಿಂದ ಬಾಕಿ" ಎಂದು ಬರೆದಿದ್ದರು. ಲೆಕ್ಕದ ಉಳಿದ ಕಾಗದಗಳನ್ನು ಬದಿಗಿಟ್ಟು, ಮೊದಲು ಅದನ್ನು ಮಾಡಿಸಿಕೊಂಡು ಬನ್ನಿ ಎಂದು ಅವರನ್ನು ಹಿಂದಕ್ಕೆ ಕಳುಹಿಸಿದೆ.