ಒಂದೇ ತಂತ್ರಾಂಶ, ಎರಡು ಪರವಾನಗಿ: ಒಡೆತನದ ಪ್ರಶ್ನೆ

ಅಂಗಡಿಯ ಬಿಲ್ಲಿಂಗ್, ಗೋದಾಮಿನ ದಾಸ್ತಾನು, ಸಹಕಾರ ಸಂಘದ ಠೇವಣಿ ಲೆಕ್ಕ ಮುಂತಾದವುಗಳಿಗೆ ತಂತ್ರಾಂಶ ಸಿದ್ಧಪಡಿಸಿ ಮಾರುವ ಸಣ್ಣ ಸಂಸ್ಥೆಗಳು ರಾಜ್ಯದ ಅನೇಕ ನಗರಗಳಲ್ಲಿವೆ. ಇಂಥ ಸಂಸ್ಥೆಗಳ ದರಪಟ್ಟಿಯಲ್ಲಿ ಡೇಟಾಬೇಸ್ ಎಂಬ ಬಾಬ್ತಿನ ಎದುರು ‘ಉಚಿತ’ ಎಂದು ನಮೂದಿಸುವುದುಂಟು. ಈ ಪದ ಯಾವ ಸಂದರ್ಭದಲ್ಲಿ ನಿಜ, ಯಾವ ಸಂದರ್ಭದಲ್ಲಿ ಅಲ್ಲ ಎಂಬುದನ್ನು ಮಾರುವವರೂ ಕೊಳ್ಳುವವರೂ ಮೊದಲೇ ವಿಚಾರಿಸಿಕೊಂಡರೆ ಮುಂದಿನ ತೊಡಕುಗಳು ತಪ್ಪುತ್ತವೆ.

ಇದಕ್ಕೆ ಮೈಎಸ್‌ಕ್ಯುಎಲ್ ಡೇಟಾಬೇಸಿನ ಇತಿಹಾಸವೇ ಉತ್ತಮ ನಿದರ್ಶನ. 1995ರಲ್ಲಿ ಸ್ವೀಡನ್ನಿನಲ್ಲಿ ಮೈಕೆಲ್ ವಿಡೇನಿಯಸ್, ಡೇವಿಡ್ ಆಕ್ಸ್‌ಮಾರ್ಕ್ ಮತ್ತು ಅಲನ್ ಲಾರ್ಸನ್ ಸ್ಥಾಪಿಸಿದ ಮೈಎಸ್‌ಕ್ಯುಎಲ್ ಎಬಿ ಕಂಪನಿಯು 2000ದಲ್ಲಿ ತನ್ನ ತಂತ್ರಾಂಶವನ್ನು ಜನರಲ್ ಪಬ್ಲಿಕ್ ಲೈಸೆನ್ಸ್, ಅಂದರೆ ಜಿಪಿಎಲ್ ಪರವಾನಗಿಯ ಅಡಿಯಲ್ಲಿ ಬಿಡುಗಡೆ ಮಾಡಿತು. ಈ ಪರವಾನಗಿಯಡಿ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಆದರೆ ಅದನ್ನು ಒಳಗೊಂಡ ತಮ್ಮ ಉತ್ಪನ್ನವನ್ನು ಇತರರಿಗೆ ವಿತರಿಸುವವರು ಆ ಉತ್ಪನ್ನದ ಸೋರ್ಸ್ ಕೋಡನ್ನೂ ಅದೇ ಷರತ್ತಿನ ಮೇಲೆ ಒದಗಿಸಬೇಕು. ತಮ್ಮ ಕೋಡನ್ನು ಗುಟ್ಟಾಗಿರಿಸಿಕೊಳ್ಳಲು ಬಯಸುವವರಿಗೆ ಅದೇ ಕಂಪನಿ ಹಣ ಪಡೆದು ಬೇರೊಂದು ವಾಣಿಜ್ಯ ಪರವಾನಗಿ ನೀಡುತ್ತಿತ್ತು. ಇದೇ ಇಬ್ಬಗೆ ಪರವಾನಗಿ ಪದ್ಧತಿ.

ಇದರಲ್ಲಿ ಮೋಸವೇನೂ ಇಲ್ಲ. ಹಂಚಿಕೊಳ್ಳುವವರು ಕೋಡಿನ ರೂಪದಲ್ಲಿ, ಹಂಚಿಕೊಳ್ಳದವರು ಹಣದ ರೂಪದಲ್ಲಿ ಬೆಲೆ ತೆರುವುದು ನ್ಯಾಯವೇ ಸರಿ. ಆ ಹಣದಿಂದ ತಂತ್ರಜ್ಞರ ಸಂಬಳ ಸಾಗಿತು, ತಂತ್ರಾಂಶ ಬೆಳೆಯಿತು, ಒಂದು ಪೈಸೆಯನ್ನೂ ಕೊಡದವರಿಗೂ ಅದರ ಪ್ರಯೋಜನ ದೊರೆಯಿತು. ತಮ್ಮ ಕಚೇರಿಯೊಳಗೆ ಅಥವಾ ತಮ್ಮದೇ ಜಾಲತಾಣಕ್ಕೆ ಬಳಸುವವರಿಗೆ ಜಿಪಿಎಲ್ ಯಾವ ಹೊರೆಯನ್ನೂ ಹೊರಿಸುವುದಿಲ್ಲ. ಹೊಣೆ ಹುಟ್ಟುವುದು ವಿತರಣೆಯಿಂದ. ಆದ್ದರಿಂದ ಅಂಗಡಿಯ ಮಾಲೀಕರಿಗಿಂತ ಅವರಿಗೆ ತಂತ್ರಾಂಶ ಮಾರಿದ ಸಂಸ್ಥೆಯೇ ಈ ವಿಷಯದಲ್ಲಿ ಎಚ್ಚರ ವಹಿಸಬೇಕು.

ಈ ಪದ್ಧತಿಯ ತಳಹದಿ ಇರುವುದು ಕೃತಿಸ್ವಾಮ್ಯದಲ್ಲಿ. ಇಡೀ ತಂತ್ರಾಂಶದ ಹಕ್ಕು ಒಬ್ಬರ ಕೈಯಲ್ಲಿದ್ದರೆ ಮಾತ್ರ ಅದನ್ನು ಎರಡು ಬಗೆಯ ಷರತ್ತುಗಳಲ್ಲಿ ನೀಡಲು ಸಾಧ್ಯ. ಈ ಕಾರಣದಿಂದಲೇ ಹೊರಗಿನವರು ಬರೆದು ಕೊಟ್ಟ ಕೋಡಿನ ಹಕ್ಕುಗಳನ್ನೂ ಕಂಪನಿಗಳು ಕರಾರಿನ ಮೂಲಕ ಪಡೆದುಕೊಳ್ಳುತ್ತವೆ. ಒಡೆತನ ಒಂದೆಡೆ ಸೇರಿದ ಮೇಲೆ ಅದನ್ನು ಮಾರಲೂ ಬಹುದು. ಅಪಾಯ ಇರುವುದು ಅಲ್ಲಿಯೇ.

ಷರತ್ತುಗಳನ್ನು ಬದಲಿಸುವ ಅಧಿಕಾರ ಒಡೆಯನಿಗಿದೆ ಎಂಬುದು ಬಹುಬೇಗ ಮನವರಿಕೆಯಾಯಿತು. ಅನ್ವಯ ತಂತ್ರಾಂಶಗಳನ್ನು ಮೈಎಸ್‌ಕ್ಯುಎಲ್‌ನೊಂದಿಗೆ ಜೋಡಿಸುವ ಲೈಬ್ರರಿಯು ಮೊದಲು ಸಡಿಲವಾದ ಎಲ್‌ಜಿಪಿಎಲ್ ಪರವಾನಗಿಯಲ್ಲಿತ್ತು. 4.0ನೇ ಆವೃತ್ತಿಯಲ್ಲಿ ಅದನ್ನು ಜಿಪಿಎಲ್‌ಗೆ ಬದಲಾಯಿಸಲಾಯಿತು. ಇದರಿಂದ ಪಿಎಚ್‌ಪಿಯಂತಹ ಇತರ ಮುಕ್ತ ಯೋಜನೆಗಳಿಗೇ ತೊಡಕಾಗಿ, 2004ರಲ್ಲಿ ಕಂಪನಿಯು ಅಂಥವರಿಗೆ ವಿಶೇಷ ವಿನಾಯಿತಿ ಪ್ರಕಟಿಸಬೇಕಾಯಿತು.

ಬಳಿಕ ಒಡೆತನವೇ ಕೈ ಬದಲಾಯಿಸಿತು. ಮೈಎಸ್‌ಕ್ಯುಎಲ್‌ನ ಮುಖ್ಯ ಭಾಗವಾಗಿದ್ದ ಇನ್ನೋಡಿಬಿಯ ಮಾಲೀಕ ಕಂಪನಿಯನ್ನು 2005ರಲ್ಲಿ ಒರಾಕಲ್ ಖರೀದಿಸಿತು. ಮೈಎಸ್‌ಕ್ಯುಎಲ್ ಎಬಿಯನ್ನು 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸುಮಾರು 100 ಕೋಟಿ ಡಾಲರಿಗೆ ಕೊಂಡಿತು. 2009ರ ಏಪ್ರಿಲ್‌ನಲ್ಲಿ ಸನ್ ಕಂಪನಿಯನ್ನೇ ಖರೀದಿಸುವುದಾಗಿ ಒರಾಕಲ್ ಘೋಷಿಸಿತು. ಡೇಟಾಬೇಸ್ ಮಾರುಕಟ್ಟೆಯ ಅಗ್ರ ಕಂಪನಿಯ ವಶಕ್ಕೆ ಅದರ ಅಗ್ಗದ ಪ್ರತಿಸ್ಪರ್ಧಿಯೂ ಹೋಗುವ ಈ ವ್ಯವಹಾರವನ್ನು ಯೂರೋಪಿಯನ್ ಆಯೋಗ ತಿಂಗಳುಗಟ್ಟಲೆ ಪರಿಶೀಲಿಸಿತು. ಒರಾಕಲ್ 5 ವರ್ಷ ಅವಧಿಯ 10 ಭರವಸೆಗಳನ್ನು ಪ್ರಕಟಿಸಿದ ನಂತರ, 2010ರ ಜನವರಿಯಲ್ಲಿ ಒಪ್ಪಿಗೆ ದೊರೆಯಿತು. ಆ 5 ವರ್ಷಗಳು ಮುಗಿದು ದೀರ್ಘಕಾಲವಾಗಿದೆ. ಮೈಎಸ್‌ಕ್ಯುಎಲ್ ಇಂದಿಗೂ ಎರಡೂ ಪರವಾನಗಿಗಳಲ್ಲಿ ಲಭ್ಯವಿದೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಮುಕ್ತ ತಂತ್ರಾಂಶದ ಪ್ರತಿಪಾದಕರು ಇದಕ್ಕೆ ಒಂದು ಸಮಾಧಾನ ಹೇಳುತ್ತಾರೆ. ಒಮ್ಮೆ ಜಿಪಿಎಲ್‌ನಲ್ಲಿ ಬಿಡುಗಡೆಯಾದ ಕೋಡನ್ನು ಹಿಂಪಡೆಯಲಾಗದು, ಒಡೆಯ ದಾರಿ ತಪ್ಪಿದರೆ ಬೇರೆಯವರು ಕವಲು ತೆಗೆದು ಮುಂದುವರಿಸಬಹುದು ಎಂಬುದು ಅವರ ವಾದ. 2009ರಲ್ಲಿ ವಿಡೇನಿಯಸ್ ಅವರೇ ಮರಿಯಾಡಿಬಿ ಎಂಬ ಕವಲನ್ನು ಆರಂಭಿಸಿದರು, ಅದು ಚೆನ್ನಾಗಿಯೇ ಬೆಳೆಯಿತು. ಆದರೆ ಈ ಸಮಾಧಾನ ಎಲ್ಲರಿಗೂ ಸಮನಾಗಿ ಅನ್ವಯಿಸದು. ಮೂಲ ಕೋಡಿನ ಕೃತಿಸ್ವಾಮ್ಯ ಒರಾಕಲ್ ಬಳಿ ಇರುವುದರಿಂದ ಕವಲು ತೆಗೆದವರು ಆ ಸರ್ವರ್ ತಂತ್ರಾಂಶಕ್ಕೆ ಜಿಪಿಎಲ್ ಹೊರತು ವಾಣಿಜ್ಯ ಪರವಾನಗಿ ನೀಡಲಾರರು. ಜೋಡಣೆಯ ಲೈಬ್ರರಿಯನ್ನು 2012ರಲ್ಲಿ ಮರಿಯಾಡಿಬಿಯವರು ಎಲ್‌ಜಿಪಿಎಲ್‌ನಲ್ಲಿ ಒದಗಿಸಿದ್ದರಿಂದ ಒಂದಿಷ್ಟು ಅನುಕೂಲವಾಯಿತಾದರೂ, ಸರ್ವರನ್ನೇ ತಮ್ಮ ಉತ್ಪನ್ನದಲ್ಲಿ ಬೆಸೆದು ಮಾರುವವರಿಗೆ ಆ ದಾರಿ ಇಲ್ಲ. ಹೀಗೆ, ಉಚಿತವಾಗಿ ಬಳಸಿದವರಿಗೆ ಕವಲಿನ ರಕ್ಷಣೆ ಉಂಟು. ಹಣ ತೆತ್ತು ಪರವಾನಗಿ ಪಡೆದವರಿಗೆ ಮಾರಾಟಗಾರ ಒಬ್ಬನೇ. ಸಣ್ಣ ತಂತ್ರಾಂಶ ಸಂಸ್ಥೆಗಳು ಗಂಭೀರವಾಗಿ ಯೋಚಿಸಬೇಕಾದ ಅಂಶ ಇದು.

ಒಡೆತನದ ಈ ಪ್ರಶ್ನೆ ಮೈಎಸ್‌ಕ್ಯುಎಲ್‌ಗೆ ಸೀಮಿತವಲ್ಲ. 2018ರಲ್ಲಿ ಮೊಂಗೋಡಿಬಿ, 2024ರಲ್ಲಿ ರೆಡಿಸ್ ತಮ್ಮ ಹೊಸ ಆವೃತ್ತಿಗಳ ಪರವಾನಗಿಯನ್ನು ಬಿಗಿಗೊಳಿಸಿದವು. ರೆಡಿಸ್‌ಗೆ ವಾಲ್ಕೀ ಎಂಬ ಕವಲು ಹುಟ್ಟಿದ ಬಳಿಕ, 2025ರಲ್ಲಿ ಆ ಕಂಪನಿ ಮುಕ್ತ ಪರವಾನಗಿಯೊಂದನ್ನು ಮರಳಿ ಸೇರಿಸಿತು. ಇದಕ್ಕೆ ವ್ಯತಿರಿಕ್ತವಾಗಿ ಪೋಸ್ಟ್‌ಗ್ರೆಸ್‌ಕ್ಯುಎಲ್ ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. ಅದರ ಉದಾರ ಪರವಾನಗಿಯಡಿ ಮುಚ್ಚಿದ ಕೋಡಿನ ಉತ್ಪನ್ನದಲ್ಲೂ ಅದನ್ನು ಶುಲ್ಕವಿಲ್ಲದೆ ಸೇರಿಸಿಕೊಳ್ಳಬಹುದು.

ಭಾರತ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿರುವುದರಿಂದ, ಸರ್ಕಾರಿ ಗುತ್ತಿಗೆ ಬಯಸುವ ಸಂಸ್ಥೆಗಳಿಗೂ ಈ ತಿಳಿವಳಿಕೆ ಅವಶ್ಯಕ. ಡೇಟಾಬೇಸ್ ಆಯ್ಕೆಗೆ ಮುನ್ನ ಪರವಾನಗಿಯ ಹೆಸರಿನೊಂದಿಗೆ ಕೃತಿಸ್ವಾಮ್ಯ ಯಾರದೆಂಬುದನ್ನೂ ಕೇಳಿ ತಿಳಿಯಬೇಕು. ವಾಣಿಜ್ಯ ಪರವಾನಗಿ ಪಡೆಯುವವರು ಅವಧಿ, ನವೀಕರಣದ ದರ ಮತ್ತು ಕಂಪನಿ ಕೈಬದಲಾದರೆ ತಮ್ಮ ಹಕ್ಕುಗಳೇನು ಎಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ಒಂದೇ ಡೇಟಾಬೇಸಿನ ವಿಶೇಷ ಸೌಲಭ್ಯಗಳಿಗೆ ಅಂಟಿಕೊಳ್ಳದೆ, ಅಗತ್ಯ ಬಿದ್ದರೆ ಬೇರೊಂದಕ್ಕೆ ಬದಲಿಸಿಕೊಳ್ಳುವಂತೆ ತಂತ್ರಾಂಶವನ್ನು ರೂಪಿಸಬೇಕು.

ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಹೂಡುವ ವರ್ತಕರು ಕಟ್ಟಡದ ಮಾಲೀಕರು ಯಾರೆಂದು ವಿಚಾರಿಸದೆ ಮುಂಗಡ ಕೊಡುವುದಿಲ್ಲ. ವರ್ಷಗಟ್ಟಲೆಯ ಲೆಕ್ಕಪತ್ರವನ್ನು ಹೊತ್ತುಕೊಳ್ಳುವ ಡೇಟಾಬೇಸಿನ ವಿಷಯದಲ್ಲೂ ಅಷ್ಟೇ ವ್ಯವಹಾರಜ್ಞಾನ ಇರಬೇಕಾದುದು ಸಹಜ. ದರಪಟ್ಟಿಯಲ್ಲಿ ‘ಉಚಿತ’ ಎಂದು ಬರೆಯುವ ಮುನ್ನ ಪರವಾನಗಿ ಪತ್ರವನ್ನು ಒಮ್ಮೆ ಪೂರ್ತಿಯಾಗಿ ಓದುವುದು ಇದರ ಮೊದಲ ಹೆಜ್ಜೆಯಾಗಲಿ.